ಪೆಟ್ಟು ಹೇಳಿದ ಗುಟ್ಟು

ಹೊಟ್ಟೆಗೆ ಪೆಟ್ಟು ತಿಂದವರೊಬ್ಬರನ್ನು ಆಸ್ಪತ್ರೆಗೆ ತರುತ್ತಾರೆ. ಸೈಕಲ್ಲಿನ ಹಿಡಿ ತಗುಲಿರಬಹುದು, ಕೊಟ್ಟಿಗೆಯಲ್ಲಿ ಹಸು ಒದ್ದಿರಬಹುದು. ಒಳಗೆ ರಕ್ತಸ್ರಾವವಾಗುತ್ತಿದೆಯೇ ಎಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಮಾಡಿದಾಗ, ಯಾರೂ ನಿರೀಕ್ಷಿಸದಿದ್ದ ಗಡ್ಡೆಯೊಂದು ಜಠರದ ಗೋಡೆಗೆ ಅಂಟಿಕೊಂಡಿರುವುದು ಕಾಣುತ್ತದೆ. ಇಂಥ ಪ್ರಸಂಗಗಳು ವಿರಳ. ಆದರೆ ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ.

"ಆ ಪೆಟ್ಟಿನಿಂದಲೇ ಗಡ್ಡೆಯಾಯಿತು" ಎಂದು ಮನೆಯವರು ಭಾವಿಸುವುದು ಸಹಜ. ಪಾಪದ ಹಸು ಸಂತೆಗೆ ಹೋಗುತ್ತದೆ; ಆಟದಲ್ಲಿ ತಳ್ಳಿದ ಗೆಳೆಯ ಜೀವಮಾನವಿಡೀ ಅಪರಾಧಿಯಾಗಿ ಉಳಿಯುತ್ತಾನೆ. ಇದು ನ್ಯಾಯವಲ್ಲ. ಅಂಗೈಯಗಲದ ಗಡ್ಡೆ ಒಂದು ದಿನದಲ್ಲಿ ಬೆಳೆಯುವಂಥದಲ್ಲ. ಪೆಟ್ಟು ಇಲ್ಲಿ ಕಳ್ಳನಲ್ಲ. ಕಳ್ಳನನ್ನು ತೋರಿಸಿಕೊಟ್ಟ ದೀಪ.

ಹಾಗಾದರೆ ಅದು ಇಷ್ಟು ಕಾಲ ಅಡಗಿದ್ದುದಾದರೂ ಹೇಗೆ? ಜಠರದ ಸಾಮಾನ್ಯ ಕ್ಯಾನ್ಸರ್ ಒಳಪೊರೆಯಲ್ಲಿ ಹುಟ್ಟುತ್ತದೆ. 'ಜಿಸ್ಟ್' ಎಂದು ವೈದ್ಯರು ಕರೆಯುವ ಗಡ್ಡೆಯ ಹುಟ್ಟು ಬೇರೆ. ಜಠರದ ಚಲನೆಗೆ ತಾಳ ಹಾಕುವ ಕಾಹಾಲ್ ಕೋಶಗಳಿಗೆ ಸಂಬಂಧಿಸಿದ ಇದು, ಗೋಡೆಯ ಸ್ನಾಯುಪದರದಲ್ಲಿ ಮೊಳೆಯುತ್ತದೆ. ಅನೇಕ ವೇಳೆ ಹೊರಮುಖವಾಗಿ ಬೆಳೆಯುವುದರಿಂದ ಅನ್ನದ ದಾರಿಗೆ ಅಡ್ಡಬಾರದು. ಬಹುಕಾಲ ನೋವನ್ನೂ ಕೊಡದಿರಬಹುದು. ಆದರೆ ರಕ್ತನಾಳಗಳು ತುಂಬಿದ ಈ ಮೆದು ಗಡ್ಡೆ ಪೆಟ್ಟಿಗೆ ಸೀಳಿತೆಂದರೆ ರಕ್ತ ಉದರದೊಳಗೆ ಹರಿಯತೊಡಗುತ್ತದೆ.

ಒಡೆಯುವ ಮುನ್ನ ಕಂಡರೆ ಶಸ್ತ್ರವೈದ್ಯರು ಗಡ್ಡೆಯನ್ನು ಇಡಿಯಾಗಿ ತೆಗೆಯಲು ಯತ್ನಿಸುತ್ತಾರೆ. ಒಡೆದರೆ ಅದರ ಕಣಗಳು ಉದರದಲ್ಲಿ ಚೆಲ್ಲಿ ರೋಗ ಮರುಕಳಿಸುವ ಭಯ ಹೆಚ್ಚು. ಆಗಲೂ ದಾರಿ ಪೂರ್ತಿ ಮುಚ್ಚಿಲ್ಲ. ಈ ಗಡ್ಡೆಗಳಲ್ಲಿ 'ಕಿಟ್' ವಂಶವಾಹಿಯ ದೋಷವನ್ನು 1998ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದರು. ಇಮ್ಯಾಟಿನಿಬ್ ಎಂಬ ಗುಳಿಗೆಯಿಂದ ರೋಗಿಯೊಬ್ಬರಲ್ಲಿ ಹರಡಿದ್ದ ಗಡ್ಡೆಗಳು ಕುಗ್ಗಿದುದನ್ನು 2001ರಲ್ಲಿ ಫಿನ್ಲೆಂಡಿನ ವೈದ್ಯರು ವರದಿ ಮಾಡಿದರು. ಅಲ್ಲಿಯವರೆಗೆ ಹರಡಿದ ಜಿಸ್ಟ್‌ಗೆ ಹೇಳಿಕೊಳ್ಳುವಂಥ ಔಷಧವಿರಲಿಲ್ಲ.

ಶ್ರೋತೃಗಳೇ, ಹೊಟ್ಟೆಗೆ ಪೆಟ್ಟು ಬಿದ್ದಾಗ ಹೊರಗೆ ಗಾಯವಿಲ್ಲವೆಂದು ಸಮಾಧಾನಪಡಬಾರದು. ಮುಖ ಬಿಳಿಚುವುದು, ತಣ್ಣನೆಯ ಬೆವರು, ತಲೆಸುತ್ತು, ಹೊಟ್ಟೆಯ ಉಬ್ಬರ, ಭುಜದ ತುದಿಯ ನೋವು — ಇವು ಒಳಗಿನ ರಕ್ತಸ್ರಾವದ ಸೂಚನೆಗಳಾಗಿರಬಹುದು. ಎಣ್ಣೆ ತಿಕ್ಕುವುದೂ ಬೇಡ, ಕಷಾಯ ಕುಡಿಸುವುದೂ ಬೇಡ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಪೆಟ್ಟು ಅಲ್ಪವಾಗಿದ್ದು ಯಾತನೆ ಅತಿಯಾಗಿದ್ದರೆ, ಆ ಲೆಕ್ಕ ತಾಳೆಯಾಗದಿರುವುದೇ ಒಂದು ಎಚ್ಚರಿಕೆ. ಒದ್ದ ಹಸುವಿನ ಮೇಲಿನ ಸಿಟ್ಟು ಆಮೇಲಿರಲಿ. ಅದು ಕೊಟ್ಟ ಸುಳಿವನ್ನು ಮೊದಲು ಗಮನಿಸೋಣ.