ಖಾಲಿ ತೋಟಾ ಆರಿಸುವ ಕೆಲಸ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣ)

ಧಾರವಾಡದಲ್ಲಿ ಕಾಲೇಜು ಓದುವಾಗ ನಾನು ಎನ್‌ಸಿಸಿಯಲ್ಲಿದ್ದೆ. ಒಮ್ಮೆ ಗುಂಡು ಹಾರಿಸುವ ಅಭ್ಯಾಸವಿತ್ತು. ಒಬ್ಬೊಬ್ಬರಿಗೆ ಐದು ತೋಟಾ. ಹಾರಿಸಿದ ಮೇಲೆ ಐದು ಖಾಲಿ ತೋಟಾಗಳನ್ನು ಎಣಿಸಿ ಹವಾಲ್ದಾರರಿಗೆ ಒಪ್ಪಿಸಬೇಕು. ನನ್ನ ಲೆಕ್ಕದಲ್ಲಿ ಒಂದು ಕಡಿಮೆ ಬಂತು. ಮೂವತ್ತು ಹುಡುಗರು ಉರಿಬಿಸಿಲಿನಲ್ಲಿ ಹುಲ್ಲು ಕೆದಕಿ ಹುಡುಕಿದೆವು. ಕಡೆಗೆ ಅದು ಸಿಕ್ಕಿದ್ದು ನನ್ನದೇ ಪ್ಯಾಂಟಿನ ಮಡಿಕೆಯಲ್ಲಿ! ಅವತ್ತು ಎಲ್ಲರಿಗೂ ತಿಂಡಿ ಸಿಕ್ಕಿದ್ದು ಸಂಜೆ ನಾಲ್ಕಕ್ಕೆ. ಬೈಗುಳ ಮಾತ್ರ ನನಗೊಬ್ಬನಿಗೇ.

ಆಮೇಲೆ ಪುಣೆಗೆ ಬಂದೆ. ಹಿತ್ತಾಳೆ ತಗಡು ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದೆ. ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿಗೆ ಹೋದಾಗ ಒಂದು ದಿನ ಪಕ್ಕದ ಮನೆಯ ಹಿರಿಯರು ಒಂದು ಬಕೆಟ್ ತಂದು ಮುಂದಿಟ್ಟರು. ಅದರ ತುಂಬ ಖಾಲಿ ತೋಟಾ. ಗುಂಡು ಹಾರಿಸುವ ಮೈದಾನದಲ್ಲಿ ಕಡಲೆಕಾಯಿ ಸಿಪ್ಪೆಯಂತೆ ಬಿದ್ದಿರುತ್ತವಂತೆ, ಗುಡಿಸಿ ತಂದಿದ್ದರು. "ನೀವು ಹಿತ್ತಾಳೆಯವರಲ್ಲವೇ, ಆರಿಸಲು ಜೊತೆಗೆ ಬನ್ನಿ" ಎಂದರು.

ಅಲ್ಲಿ ಬಹಳ ಜನ ಇವನ್ನು ಮನೆಯಲ್ಲೇ ಮತ್ತೆ ತುಂಬಿಸಿ ಬಳಸುತ್ತಾರೆ. ಮದ್ದು ಉರಿದುಹೋಗುತ್ತದೆ, ಗುಂಡು ಹಾರಿಹೋಗುತ್ತದೆ, ಕೇಪು ಒಂದೇ ಸಲಕ್ಕೆ ಮುಗಿಯುತ್ತದೆ. ಉಳಿಯುವುದು ಹಿತ್ತಾಳೆಯ ಕೋಶ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಸಿಡಿದಾಗ ಹಿಗ್ಗಿ, ಮರುಕ್ಷಣ ಸ್ವಲ್ಪ ಕುಗ್ಗಿ, ಬಂದೂಕಿನಿಂದ ಸಲೀಸಾಗಿ ಹೊರಬರುವ ಗುಣ ಈ ಮಿಶ್ರಣಕ್ಕಿದೆ. ಆದ್ದರಿಂದಲೇ ಅದನ್ನು ಹಲವು ಸಲ ಬಳಸಬಹುದು.

ನಾನು ಮೇಜಿಗೆ ಕುಳಿತು ಕನ್ನಡಕ ಏರಿಸಿದ್ದನ್ನು ನೋಡಿ ನಮ್ಮ ಮನೆಯವರು, "ಅಕ್ಕಿ ಆರಿಸ್ರಿ ಅಂದ್ರ ಚಷ್ಮಾ ಸಿಗೂದಿಲ್ಲ, ಇದಕ್ಕ ಸಿಕ್ತೇನ್ರಿ?" ಅಂದರು. ಮಾತು ನಿಜವೇ. ಕೆಲಸವೂ ಅಕ್ಕಿ ಆರಿಸಿದ ಹಾಗೆಯೇ. ಆದರೆ ಇಲ್ಲಿ ಕಲ್ಲು ಉಳಿದರೆ ಹೋಗುವುದು ಹಲ್ಲಲ್ಲ, ಕಣ್ಣು ಅಥವಾ ಕೈ.

ಮೊದಲು ಅಯಸ್ಕಾಂತ. ಉಕ್ಕಿನ ತೋಟಾಗಳು ಅಂಟಿಕೊಂಡು ಬರುತ್ತವೆ. ಅಲ್ಯುಮಿನಿಯಂ ಅಂಟುವುದಿಲ್ಲ, ಬಣ್ಣ ಮತ್ತು ತೂಕದಿಂದ ತಿಳಿಯಬೇಕು. ಎರಡನ್ನೂ ಪಕ್ಕಕ್ಕಿಡುತ್ತಾರೆ. ನಮ್ಮ ಎನ್‌ಸಿಸಿಯ .22 ತೋಟಾ ಕೂಡ ಮರುಬಳಕೆಗೆ ಬಾರದು. ಅದರಲ್ಲಿ ಬೇರೆ ಕೇಪು ಇಲ್ಲ, ಸಿಡಿಯುವ ವಸ್ತು ಅಂಚಿನ ಒಳಗೇ ಇರುತ್ತದೆ.

ಆಮೇಲೆ ಜರಡಿ. ಒಂದರ ಕೆಳಗೆ ಒಂದು ತಟ್ಟೆ, ತೂತುಗಳ ಅಳತೆ ಬೇರೆ ಬೇರೆ. ಮೇಲಿನದರಲ್ಲಿ .45, ನಡುವಿನದರಲ್ಲಿ .40, ಕೆಳಗೆ 9 ಮಿಲಿಮೀಟರಿನವು ನಿಲ್ಲುತ್ತವೆ. ಆದರೆ ಸಣ್ಣದು ದೊಡ್ಡದರೊಳಗೆ ಡಬ್ಬಿಯೊಳಗಿನ ಡಬ್ಬಿಯಂತೆ ಹೊಕ್ಕು ಕುಳಿತಿರುತ್ತದೆ. ಅದನ್ನು ಕೈಯಿಂದಲೇ ಬಿಡಿಸಬೇಕು. ಇನ್ನು .380 ಎಂಬ ತೋಟಾ 9 ಮಿಲಿಮೀಟರಿನದರ ತಮ್ಮನಂತಿದೆ. ಉದ್ದದಲ್ಲಿ ಸುಮಾರು 2 ಮಿಲಿಮೀಟರ್ ವ್ಯತ್ಯಾಸ ಅಷ್ಟೇ. ಜರಡಿಗೆ ಅದು ಗೊತ್ತಾಗುವುದಿಲ್ಲ.

ಅಲ್ಲಿಂದ ಮುಂದೆ ಕಣ್ಣಿನ ಕೆಲಸ. ತಳದಲ್ಲಿ ತಯಾರಕರ ಗುರುತು, ಅಳತೆ, ಕೆಲವದರಲ್ಲಿ ಇಸವಿ ಅಚ್ಚಾಗಿರುತ್ತದೆ. ಸೈನ್ಯಕ್ಕೆಂದು ಮಾಡಿದ ರೈಫಲ್ ಕೋಶಗಳಲ್ಲಿ ಹಲವದರ ಗೋಡೆ ದಪ್ಪ, ಒಳಗಿನ ಜಾಗ ಕಡಿಮೆ. ಮದ್ದು ಅಷ್ಟೇ ಹಾಕಿದರೂ ಒತ್ತಡ ಹೆಚ್ಚುತ್ತದೆ. ಹೊರಗಿನಿಂದ ನೋಡಿದರೆ ಅವಳಿಜವಳಿ! ಆದ್ದರಿಂದ ಗುರುತು ಓದದೆ ಗುಂಪು ಮಾಡಬಾರದು.

ನಡುವೆ ಹಳೆಯ .303 ತೋಟಾ ಒಂದು ಕೈಗೆ ಬಂತು. ತಳದಲ್ಲಿ ಕೆ, ಎಫ್ ಅಕ್ಷರಗಳು. ಅದು ನಮ್ಮ ಪುಣೆಯ ಖಡಕಿ! 1869ರಲ್ಲಿ ಶುರುವಾದ ಮದ್ದುಗುಂಡು ಕಾರ್ಖಾನೆಯ ಮಾಲು. ತವರಿನವರು ಸಿಕ್ಕಷ್ಟು ಸಂತೋಷವಾಯಿತು. ನೆರೆಯವರು ಒಳಗೆ ಬೆಳಕು ಬಿಟ್ಟು ನೋಡಿ ಗುಜರಿ ಡಬ್ಬಕ್ಕೆ ಹಾಕಿದರು. ತಳದಲ್ಲಿ ಎರಡು ಸಣ್ಣ ತೂತುಗಳಿದ್ದವು. ಅದು ಬರ್ಡನ್ ಪದ್ಧತಿ. ನಡುವೆ ಒಂದೇ ತೂತಿದ್ದರೆ ಬಾಕ್ಸರ್ ಪದ್ಧತಿ, ಹಳೆಯ ಕೇಪು ತೆಗೆಯುವ ಸೂಜಿ ಅದರಲ್ಲಿ ನೇರವಾಗಿ ಇಳಿಯುತ್ತದೆ. ಎರಡು ತೂತಿನದರಲ್ಲಿ ಸೂಜಿಯೇ ಮುರಿಯುತ್ತದೆ. ತಮಾಷೆಯೆಂದರೆ ಬರ್ಡನ್ ಅಮೆರಿಕದವರು, ಅವರ ಪದ್ಧತಿ ನೆಲೆಯೂರಿದ್ದು ಯುರೋಪಿನಲ್ಲಿ. ಬಾಕ್ಸರ್ ಬ್ರಿಟಿಷರು, ಅವರದು ನೆಲೆಯೂರಿದ್ದು ಅಮೆರಿಕದಲ್ಲಿ.

ಕೊನೆಯದು ಆರೋಗ್ಯ ತಪಾಸಣೆ. ಕತ್ತಿನಲ್ಲಿ ಸೀಳು, ಹೊಟ್ಟೆಯಲ್ಲಿ ಉಬ್ಬು ಇದ್ದರೆ ಗುಜರಿ. ರೈಫಲ್ ತೋಟಾದ ತಳದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಒಳಗೆ ಗೋಡೆ ಸವೆದಿರಬಹುದು. ತುದಿ ಬಾಗಿಸಿದ ತಂತಿಯನ್ನು ಒಳಗೆ ಆಡಿಸಿ ನೋಡಬೇಕು. ಎಲ್ಲಾದರೂ ತಡೆದರೆ ಅದು ಮುಂದಿನ ಸಲ ತುಂಡಾಗುವ ತೋಟಾ.

ಸೀಳು ಕಂಡಾಗ ಓದಿನ ದಿನಗಳ ಪಾಠ ನೆನಪಾಯಿತು. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ತೋಟಾಗಳು ಮಳೆಗಾಲದಲ್ಲಿ ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಹವೆಯ ದೋಷವೆಂದು ತಿಳಿದಿದ್ದರು. ಕಾರಣ ಹತ್ತಿರದ ಕುದುರೆ ಲಾಯ! ಅಲ್ಲಿನ ಅಮೋನಿಯಾ, ಮಳೆಗಾಲದ ತೇವ, ಕೋಶವನ್ನು ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದ ಬಿಗಿತ, ಮೂರೂ ಸೇರಿ ಹಿತ್ತಾಳೆಯನ್ನು ಸೀಳುತ್ತಿದ್ದವು. 1921ರಲ್ಲಿ ಇದರ ವಿವರಣೆ ಪ್ರಕಟವಾಯಿತು. ಹದವಾಗಿ ಕಾಯಿಸಿ ಬಿಗಿತ ಇಳಿಸುವುದೇ ಮದ್ದು. ಈಗಲೂ ಅಮೋನಿಯಾ ಇರುವ ದ್ರವದಿಂದ ತೋಟಾ ತೊಳೆಯಬಾರದು.

ಎರಡು ಗಂಟೆ ಕಳೆದಿತ್ತು. ನನ್ನ ಕೈ ಚುರುಕಾಗಿ ಓಡುತ್ತಿತ್ತು, ನೋಟ ಅದರ ಹಿಂದೆ ಉಳಿದಿತ್ತು. ಒಂದನ್ನು ಡಬ್ಬಕ್ಕೆ ಹಾಕಿದೆ, ಶಬ್ದ ಬೇರೆ ಬಂತು. ತೆಗೆದು ನೋಡಿದರೆ ಅದು ಖಾಲಿಯಲ್ಲ, ಗುಂಡು ಇರುವ ಜೀವಂತ ತೋಟಾ. ನೆರೆಯವರು ಅದನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, "ಇವತ್ತಿಗೆ ಸಾಕು" ಎಂದರು. ಇನ್ನೂ ಅರ್ಧ ಬಕೆಟ್ ಉಳಿದಿದೆಯಲ್ಲ ಎಂದೆ. "ಬಕೆಟ್ ಎಲ್ಲಿಗೂ ಓಡುವುದಿಲ್ಲ" ಎಂದರು. ಸಂಶಯ ಬಂದದ್ದು ಗುಜರಿಗೆ, ದಣಿವು ಬಂದರೆ ವಿಶ್ರಾಂತಿ. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ನಿಯಮ ಇಲ್ಲವಂತೆ. ಕೇಪಿನ ಮಸಿಯಲ್ಲಿ ಸೀಸ ಇರುವುದರಿಂದ ಸೋಪು ಹಾಕಿ ಕೈ ತೊಳೆಸಿದ ಮೇಲೆಯೇ ಚಹಾ ಕೊಟ್ಟರು.

ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆ ಕಟ್ಟುವಾಗ ನನ್ನ ಕೈಚೀಲದ ಜೇಬಿನಲ್ಲಿ ಏನೋ ತಣ್ಣಗೆ ತಗುಲಿತು. ಖಡಕಿಯ ಆ ಖಾಲಿ ತೋಟಾ! ಅಜ್ಜನಿಗೆ ಇಷ್ಟವೆಂದು ಮೊಮ್ಮಗ ಬೇಡಿ ತಂದು ಇಟ್ಟಿದ್ದ. ಪಾಪ, ಪ್ರೀತಿಯಿಂದಲೇ ಇಟ್ಟಿದ್ದು. ಆದರೆ ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಎಂಬ ಮಾತಿಗೆ ಅದರ ಬಿಡಿಭಾಗಗಳೂ ಸೇರುತ್ತವೆ. ಪರವಾನಗಿಯಿಲ್ಲದೆ ಇಲ್ಲಿ ತೋಟಾ ತಯಾರಿಸುವುದೂ ಅಪರಾಧ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಕಂಡಿದ್ದರೆ "ಮೊಮ್ಮಗ ಇಟ್ಟಿದ್ದು ಸ್ವಾಮೀ" ಎಂದು ಎಷ್ಟು ಜನರಿಗೆ ಹೇಳುತ್ತಾ ನಿಲ್ಲಬೇಕಾಗಿತ್ತೋ!

ನಿಮ್ಮ ಮಕ್ಕಳು ಮೊಮ್ಮಕ್ಕಳು ಹೊರದೇಶದಲ್ಲಿದ್ದರೆ, ತೋಟಾದಿಂದ ಮಾಡಿದ ಕೀಲಿಗೊಂಚಲು, ಪೆನ್ನು ಇತ್ಯಾದಿ ನೆನಪಿನ ಕಾಣಿಕೆಗಳನ್ನು ತರಬೇಡಿರೆಂದು ದಯವಿಟ್ಟು ಹೇಳಿ. ಹೊರಡುವ ಮುನ್ನ ಚೀಲದ ಜೇಬುಗಳನ್ನು ನೀವೇ ಒಮ್ಮೆ ನೋಡಿಕೊಳ್ಳಿ.

ಮೊಮ್ಮಗನ ಕೈ ಹಿಡಿದು ಹೋಗಿ ಅದನ್ನು ನೆರೆಯವರಿಗೆ ಒಪ್ಪಿಸಿ ಬಂದೆ. ನಮ್ಮ ಹವಾಲ್ದಾರರು ಇದ್ದಿದ್ದರೆ ಈ ಸಲ ಬೈಯುತ್ತಿರಲಿಲ್ಲ.