ಎಕ್ಕದ ಗಿಡ



ನಮ್ಮ ಕಡೆ ಒಂದು ವಿಚಿತ್ರವುಂಟು. ಸೋಮವಾರ ಬಂದರೆ ಎಕ್ಕದ ಹೂವು ಶಿವನ ತಲೆಯ ಮೇಲೆ. ಸಿಟ್ಟು ಬಂದರೆ "ನಿನ್ನ ಮನೆ ಎಕ್ಕ ಹುಟ್ಟಿಹೋಗ" ಎಂಬ ಬೈಗುಳ. ಪೂಜೆಗೆ ಬೇಕು, ಹಿತ್ತಲಿಗೆ ಬೇಡ. ಈ ತಪ್ಪನ್ನು ನಾವೂ ಮಾಡಿದ್ದೇವೆ. ಮಠದ ಹಿಂದಿನ ಪಾಳುನೆಲದಲ್ಲಿ ಹತ್ತಾರು ಎಕ್ಕದ ಗಿಡಗಳಿದ್ದವು. ನೋಡಲು ಚೆನ್ನಾಗಿಲ್ಲವೆಂದು ನಾವೇ ಹೇಳಿ ಕಡಿಸಿದೆವು. ಹಳೆಯ ಒಣ ತೊಲೆಗಳನ್ನೂ ಒಲೆಗೆ ಹಾಕಿಸಿದೆವು.

ಮರುವರ್ಷ ದಾಸೋಹದ ಬದನೆಯಲ್ಲಿ ಹೂವು ಬಹಳ, ಕಾಯಿ ಕಡಿಮೆ. ಬೇರೆ ಕಾರಣವೂ ಇದ್ದೀತು. ಆದರೆ ತೋಟ ನೋಡಿಕೊಳ್ಳುವ ಅಜ್ಜ, "ಬುದ್ಧೀ, ಕರೀ ದುಂಬಿ ಒಂದೂ ಕಾಣವಲ್ದು" ಎಂದ. ಆಗ ನಮಗೆ ಅರಿವಾಯಿತು. ಆ ದೊಡ್ಡ ದುಂಬಿ ಒಣಮರ ಕೊರೆದು ಗೂಡು ಮಾಡುತ್ತದೆ, ಎಕ್ಕದಲ್ಲಿ ಮಧು ಕುಡಿಯುತ್ತದೆ. ಬದನೆ ಹೂವನ್ನು ಹಿಡಿದು ಗುಂಯ್‌ಗುಡುತ್ತ ನಡುಗಿಸಿದರೆ ಪರಾಗ ಉದುರುತ್ತದೆ. ಮನೆಯನ್ನೂ ಊಟವನ್ನೂ ನಾವೇ ಕಸಿದುಕೊಂಡಿದ್ದೆವು.

ಎಕ್ಕದ ಪರಾಗ ಹುಡಿಯಲ್ಲ. ಮೇಣದಂಥ ಜೋಡಿ ಚೀಲ. ದುಂಬಿಯ ಕಾಲಿಗೆ ಸಿಕ್ಕಿಕೊಂಡು ಇನ್ನೊಂದು ಹೂವಿನ ಸೀಳಿಗೆ ಸೇರಬೇಕು, ಆಗಲೇ ಕಾಯಿ. ಕಾಯಿ ಒಡೆದರೆ ರೇಷ್ಮೆಯಂಥ ಎಳೆ ಹೊತ್ತ ಬೀಜ ಹಾರುತ್ತದೆ. ಅಮರಕೋಶವು ಎಕ್ಕಕ್ಕೆ 'ವಿಕೀರಣ' ಎಂಬ ಹೆಸರನ್ನೂ ಹೇಳುತ್ತದೆ. ಪಾಠಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದ ನಾವು ಹೆಸರಿನ ಅರ್ಥವನ್ನು ಹಿತ್ತಲಲ್ಲಿ ಕಂಡದ್ದು ಐವತ್ತು ದಾಟಿದ ಮೇಲೆ!

ಈಗ ಮತ್ತೆ ನೆಡಿಸಿದ್ದೇವೆ. ಮಳೆಗಾಲದ ಆರಂಭದಲ್ಲಿ ಮೊಳದುದ್ದದ ಬಲಿತ ಕಡ್ಡಿ ಕತ್ತರಿಸಿ, ಹಾಲು ಆರುವವರೆಗೆ ನೆರಳಿನಲ್ಲಿಟ್ಟು, ನೀರು ನಿಲ್ಲದ ಕಡೆ ಊರಬೇಕು. ಬೇರು ಹಿಡಿದ ಮೇಲೆ ಆರೈಕೆ ಬೇಡ, ವರುಷ ವರುಷವೂ ಹೂ ಬಿಡುತ್ತದೆ. ದನಗಳೂ ಸಾಮಾನ್ಯವಾಗಿ ಬಾಯಿ ಹಾಕವು. ಎಲೆ ತಿನ್ನುವ ಪಟ್ಟೆಪಟ್ಟೆಯ ಹುಳುವಿಗೆ ಔಷಧ ಹೊಡೆಯಬೇಡಿರಿ. ಅದೇ ಮುಂದೆ ಕಿತ್ತಳೆ ಬಣ್ಣದ ಪಾತರಗಿತ್ತಿ. ಗಿಡದ ಹಾಲು ಮಾತ್ರ ಕಣ್ಣಿಗೆ ಬಹು ಕೆಟ್ಟದ್ದು. ಬಿದ್ದರೆ ಕೂಡಲೇ ಬಹಳ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಮಕ್ಕಳನ್ನು ಕಡ್ಡಿ ಮುರಿಯಲು ಬಿಡಬೇಡಿರಿ.

ತಾಯಂದಿರೇ, ಪೂಜೆಗೆ ಹೂವು ಬಿಡಿಸುವಾಗ ಗಿಡವನ್ನು ಬರಿದು ಮಾಡಬೇಡಿರಿ. ನಾಲ್ಕು ಹೂವು ಲಿಂಗಕ್ಕೆ ಸಾಕು, ಉಳಿದದ್ದು ದುಂಬಿಗಿರಲಿ. ಮಠದ ಹಿಂದೆ ಈ ಸಲ ಎರಡು ಒಣ ತೊಲೆಗಳನ್ನು ಹಾಗೆಯೇ ನಿಲ್ಲಿಸಿದ್ದೇವೆ. ಸೌದೆಗೆಂದು ಯಾರೂ ಒಯ್ಯಬಾರದು. ಎಕ್ಕದ ಕಡ್ಡಿ ಬೇಕಾದವರು ಪ್ರಸಾದವಾದ ಮೇಲೆ ತೋಟದ ಅಜ್ಜನನ್ನು ಕೇಳಿರಿ.