ಚಳಿಗೆ ಗಡಗಡ ನಡುಗುವ ಇಂಜಿನ್

ಧನುರ್ಮಾಸದ ಬೆಳಗ್ಗೆ ಹಿಂದೂಪುರದ ಯಾವುದಾದರೂ ಬೀದಿಯಲ್ಲಿ ನಿಂತು ಕಿವಿಗೊಡಿ, ಮಕ್ಕಳೇ. ರಾತ್ರಿಯೆಲ್ಲ ಬಯಲಲ್ಲೇ ಇದ್ದ ಹಳೇ ಪೆಟ್ರೋಲ್ ಕಾರೊಂದನ್ನು ಯಾರೋ ಸ್ಟಾರ್ಟ್ ಮಾಡುತ್ತಾರೆ. ಅದು ಗುರ್ ಅಂತ ಎದ್ದು, ಗಡಗಡ ನಡುಗಿ, ಆಕ್ಸಿಲರೇಟರ್ ಮೇಲಿನ ಕಾಲು ತೆಗೆದ ಕೂಡಲೇ ನಿಂತುಬಿಡುತ್ತದೆ. ಮಧ್ಯಾಹ್ನ ಅದೇ ಕಾರಿಗೆ ಯಾವ ತಕರಾರೂ ಇಲ್ಲ! ಯಾಕಿರಬಹುದು? ಬನ್ನಿ, ಒಟ್ಟಿಗೆ ಪತ್ತೆ ಹಚ್ಚೋಣ.

ಮೊದಲು ಒಂದು ವಿಷಯ ತಿಳಿದುಕೊಳ್ಳೋಣ. ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೊರಟಿದ್ದೀರಿ ಅಂದುಕೊಳ್ಳಿ. ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು, ಮತ್ತೆ ಆಂಧ್ರಕ್ಕೇ ಬರುವ ಮೋಜಿನ ದಾರಿ ಅದು. ನಡುವೆ ಯಾರನ್ನೋ ಹತ್ತಿಸಿಕೊಳ್ಳಲು ಕಾರು ನಿಲ್ಲುತ್ತದೆ. ಚಕ್ರ ನಿಂತರೂ ಇಂಜಿನ್ ಮಾತ್ರ ತನ್ನಷ್ಟಕ್ಕೆ ತಿರುಗುತ್ತಲೇ ಇರುತ್ತದೆ. ಇದೇ ಐಡಲಿಂಗ್.

ಹಾಗೆ ಸುಮ್ಮನಿರುವಾಗಲೂ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ ಆದರೆ, ಅಷ್ಟರೊಳಗೆ 1600 ಸಲ ಪೆಟ್ರೋಲ್ ಹೊತ್ತಿಕೊಂಡಿರುತ್ತದೆ. ಅದರಲ್ಲಿ ಕೆಲವು ಸಲ ಹೊತ್ತದೆ ಹೋದರೆ ಲಯ ತಪ್ಪಿ ಗಾಡಿ ನಡುಗುತ್ತದೆ. ಮೆಕ್ಯಾನಿಕ್ ಮಾಮ ಇದನ್ನೇ 'ಮಿಸ್ಸಿಂಗ್ ಹೊಡೀತಿದೆ' ಅನ್ನುವುದು.

ಬೆಳಗ್ಗೆ ಯಾಕೆ ಹೊತ್ತುವುದಿಲ್ಲ? ಉರಿಯುವುದು ದ್ರವರೂಪದ ಪೆಟ್ರೋಲ್ ಅಲ್ಲ, ಅದರಿಂದ ಏಳುವ ಆವಿ. ಆ ಆವಿ ಗಾಳಿಯ ಜೊತೆ ಬೆರೆತಾಗಲೇ ಕಿಡಿಗೆ ಹೊತ್ತುತ್ತದೆ. ಬೇಸಿಗೆಯಲ್ಲಿ ತಂತಿಯ ಮೇಲೆ ಹರವಿದ ಒದ್ದೆ ಬಟ್ಟೆ ಅರೆಗಳಿಗೆಯಲ್ಲಿ ಒಣಗುತ್ತದೆ. ಅದೇ ಬಟ್ಟೆ ಪುಷ್ಯದ ಬೆಳಗ್ಗೆ ಎಷ್ಟು ಹೊತ್ತಾದರೂ ತಣ್ಣಗೆ ಜೋತುಬಿದ್ದಿರುತ್ತದೆ, ಅಲ್ಲವೇ? ತಣ್ಣನೆಯ ಇಂಜಿನ್ ಒಳಗೆ ಪೆಟ್ರೋಲಿನ ಪಾಡೂ ಅಷ್ಟೇ. ಬಹಳಷ್ಟು ಹನಿ ಆವಿಯಾಗದೆ ಗೋಡೆಗೆ ಅಂಟಿ ಕೂತುಬಿಡುತ್ತದೆ.

ಹಿಂದೂಪುರ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 620 ಮೀಟರ್ ಎತ್ತರದಲ್ಲಿ. ಚಳಿಗಾಲದ ಮುಂಜಾನೆ ಇಲ್ಲಿ 15 ಡಿಗ್ರಿ ಆಸುಪಾಸು ಇರುತ್ತದೆ. ಹಿಮ ಬೀಳುವ ಊರಿನವರಿಗೆ ಇದು ಚಳಿಯೇ ಅಲ್ಲ. ಆದರೆ ಇಂಜಿನ್ನಿನ ಲೆಕ್ಕ ಬೇರೆ. ಅದಕ್ಕೆ ಹಾಯಾಗಿರುವುದು ಸುಮಾರು 90 ಡಿಗ್ರಿಯಲ್ಲಿ! ಆ ಲೆಕ್ಕದಲ್ಲಿ 15 ಡಿಗ್ರಿ ಅಂದರೆ ಕೊರೆಯುವ ಚಳಿಯೇ.

ಪರಿಹಾರ ಸರಳ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಚಳಿಯಲ್ಲಿ ಪೆಟ್ರೋಲಿನ ಪಾಲನ್ನು ಸ್ವಲ್ಪ ಹೆಚ್ಚಿಸಿದರೆ, ಅಂಟಿಕೊಂಡದ್ದು ಹೋಗಿ ಉಳಿದದ್ದಾದರೂ ಆವಿಯಾಗುತ್ತದೆ. ನಿಮ್ಮ ತಾತನ ಕಾಲದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಇದಕ್ಕಾಗಿಯೇ ಚೋಕ್ ಅನ್ನುವ ಗುಂಡಿ ಇತ್ತು. ಅದನ್ನು ಎಳೆದರೆ ಗಾಳಿಯ ದಾರಿ ಕಿರಿದಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತಿತ್ತು. ಇಂಜಿನ್ ಬಿಸಿಯಾದ ಮೇಲೆ ಗುಂಡಿಯನ್ನು ಒಳಗೆ ತಳ್ಳಿದರಾಯಿತು.

ಈಗಿನ ಕಾರುಗಳಲ್ಲಿ ಆ ಗುಂಡಿ ಇಲ್ಲ. 2019ರಿಂದ ಪೆನುಕೊಂಡದ ಹತ್ತಿರ ಎರ್ರಮಂಚಿಯ ಕಾರ್ಖಾನೆಯಲ್ಲಿ ಕಿಯಾ ಕಾರುಗಳು ತಯಾರಾಗುತ್ತಿವೆ. ಅಂಥ ಹೊಸ ಕಾರುಗಳಲ್ಲಿ ಚೋಕಿನ ಕೆಲಸವನ್ನು ಪುಟ್ಟದೊಂದು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಇಂಜಿನ್ ಎಷ್ಟು ತಣ್ಣಗಿದೆ ಅಂತ ಅದಕ್ಕೆ ಹೇಳುವುದು, ಇಂಜಿನ್ ಸುತ್ತ ಹರಿಯುವ ನೀರಿನಲ್ಲಿ ಮುಳುಗಿರುವ ಒಂದು ಸೆನ್ಸರ್. ಅದರ ತುದಿಯಲ್ಲಿರುವ ವಸ್ತು ತಣ್ಣಗಿದ್ದಾಗ ಕರೆಂಟನ್ನು ಹೆಚ್ಚು ತಡೆಯುತ್ತದೆ, ಬಿಸಿಯಾದಂತೆಲ್ಲ ಸಲೀಸಾಗಿ ಬಿಡುತ್ತದೆ. ಈ ವ್ಯತ್ಯಾಸ ನೋಡಿಯೇ ಕಂಪ್ಯೂಟರ್ ಪೆಟ್ರೋಲನ್ನು ಅಳೆದು ಕೊಡುತ್ತದೆ.

ಈಗ ಪತ್ತೇದಾರಿ ಶುರು! ಒಳ್ಳೇ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ: 'ಬಿಸಿಯಾದ ಮೇಲೆ ಸರಿಹೋಗುತ್ತಾ?' ಹೌದು ಅಂದರೆ, ಬಿಸಿಯಾದಾಗ ಬದಲಾಗುವ ಭಾಗಗಳ ಮೇಲೆಯೇ ಮೊದಲ ಅನುಮಾನ. ಎಲ್ಲವನ್ನೂ ಬಿಚ್ಚುವ ಶ್ರಮ ಆ ಒಂದೇ ಪ್ರಶ್ನೆಯಿಂದ ಉಳಿಯುತ್ತದೆ.

ಮೊದಲ ಅನುಮಾನ ಸೆನ್ಸರ್ ಮೇಲೆ. ರಾತ್ರಿಯೆಲ್ಲ ನಿಂತ ಕಾರು ಹೊರಗಿನ ಗಾಳಿಯಷ್ಟೇ ತಣ್ಣಗಿರಬೇಕು. ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಸ್ಕ್ಯಾನರ್ ಹಾಕಿ ನೋಡಿದಾಗ 80 ಡಿಗ್ರಿ ಅಂತ ತೋರಿಸಿದರೆ? ಕಳ್ಳ ಸಿಕ್ಕಿಬಿದ್ದ! ಆ ಸುಳ್ಳನ್ನು ನಂಬಿ ಕಂಪ್ಯೂಟರ್ ಪೆಟ್ರೋಲ್ ಕಡಿಮೆ ಕೊಡುತ್ತಿದೆ.

ಎರಡನೆಯ ಅನುಮಾನ ರಬ್ಬರ್ ಪೈಪುಗಳ ಮೇಲೆ. ಹಳೇ ರಬ್ಬರ್ ಚಳಿಗೆ ಬಿರುಸಾಗಿ ಕುಗ್ಗಿದಾಗ ಅದರ ಸಣ್ಣ ಬಿರುಕು ಬಾಯಿ ತೆರೆಯುತ್ತದೆ. ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಬಲ್ಲವರು 'ಸ್‌ಸ್' ಅನ್ನುವ ಸದ್ದಿನಿಂದಲೇ ಜಾಗ ಹಿಡಿಯುತ್ತಾರೆ.

ಮೂರನೆಯದು ಸ್ಪಾರ್ಕ್ ಪ್ಲಗ್. ಅದನ್ನು ಬಿಚ್ಚಿ ತುದಿಯ ಬಣ್ಣ ನೋಡಬೇಕು. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಬೆಳ್ಳಗೆ ಬಿಳಿಚಿದ್ದರೆ ಕಡಿಮೆಯಾಗಿದೆ, ತಿಳಿಕಂದು ಇದ್ದರೆ ಎಲ್ಲ ಸರಿಯಾಗಿದೆ ಅಂತ ಅರ್ಥ.

ನೀವು ಮಾತ್ರ ಪೆಟ್ರೋಲನ್ನಾಗಲೀ ಇಂಜಿನ್ನನ್ನಾಗಲೀ ಮುಟ್ಟಬೇಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಗಾಡಿ ಓಡುತ್ತಿದ್ದರೆ ಹತ್ತಿರವೂ ಸುಳಿಯಬೇಡಿ. ಅದರ ಹೊಗೆ ವಿಷ. ದೊಡ್ಡವರು ಹೊರಗೆ ಕಾರು ಸ್ಟಾರ್ಟ್ ಮಾಡಿದಾಗ ಪಕ್ಕದ ಸೀಟಿನಲ್ಲಿ ಕೂತು ಇಂಜಿನ್ ಸುತ್ತು ತೋರಿಸುವ ಮುಳ್ಳನ್ನು ನೋಡಿ. ತಣ್ಣಗಿರುವಾಗ ಅದು 1000 ದಾಟಿ ನಿಂತಿದ್ದು, ಬಿಸಿಯಾದಂತೆ ನಿಧಾನವಾಗಿ 800ರ ಕಡೆಗೆ ಇಳಿಯುತ್ತದೆ.

ಕೊನೆಗೆ ನಿಮಗೊಂದು ಒಗಟು. ಗಾಡಿ ಚೆನ್ನಾಗಿ ಬಿಸಿಯಾದರೂ ಮುಳ್ಳು ಕೆಳಗೆ ಇಳಿಯುವುದಿಲ್ಲ, ಪ್ಲಗ್ ಬಿಚ್ಚಿದರೆ ಬರೀ ಮಸಿ. ಹಾಗಾದರೆ ಸೆನ್ಸರ್ ಈ ಸಲ ಯಾವ ಸುಳ್ಳು ಹೇಳುತ್ತಿರಬಹುದು?